ಕಾರ್ಡಿಗೆ ಬಾರದ ಖರ್ಚು

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿಯ ಹಿಂದೆ ನಾನು ಇಪ್ಪತ್ತೆಂಟು ವರ್ಷ ಕುಳಿತಿದ್ದೆ. ಹುದ್ದೆಯ ಹೆಸರು ಫಾರ್ಮಸಿಸ್ಟ್. ಜನರ ಬಾಯಲ್ಲಿ ಮಾತ್ರ ‘ಗುಳಿಗೆ ಕೊಡುವವರು’. ಆ ಸಣ್ಣ ಕಿಟಕಿಯಲ್ಲಿ ಮುಖ ಕಾಣುವುದು ಕಡಿಮೆ, ಚೀಟಿ ಹಿಡಿದ ಕೈ ಕಾಣುವುದೇ ಹೆಚ್ಚು. ಒಮ್ಮೆ ಒಬ್ಬ ಅಜ್ಜಿ ಚೀಟಿಯ ಜೊತೆಗೆ ಆಯುಷ್ಮಾನ್ ಕಾರ್ಡನ್ನೂ ಒಳಗೆ ತಳ್ಳಿದರು. ‘ಇದರಲ್ಲಿ ಐದು ಲಕ್ಷ ಇದೆಯಂತಲ್ಲಪ್ಪಾ, ಹೋದ ತಿಂಗಳು ಹೊರಗಿನ ಅಂಗಡಿಯಲ್ಲಿ ಸಕ್ಕರೆ ಗುಳಿಗೆಗೆ ಕೊಟ್ಟ ದುಡ್ಡನ್ನು ಇದರಿಂದ ವಾಪಸು ಕೊಡಿಸು’ ಎಂದರು. ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಹೋದ ತಿಂಗಳು ‘ಸ್ಟಾಕ್ ಇಲ್ಲ, ಹೊರಗೆ ತೆಗೆದುಕೊಳ್ಳಿ’ ಎಂದು ಕಳಿಸಿದ್ದವನು ನಾನೇ.

ಆ ಕಾರ್ಡು ಏನು ಕೊಡುತ್ತದೆ ಎಂದು ಮೊದಲು ನೋಡೋಣ. ಅದರ ಹಿಂದಿರುವ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆರಂಭವಾಯಿತು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಮನೆಯಲ್ಲಿ ಎಷ್ಟು ಜನರಿದ್ದರೂ ಸರಿ, ಮೊದಲೇ ಕಾಯಿಲೆ ಇದ್ದರೂ ಅಡ್ಡಿಯಿಲ್ಲ. ಹಣದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರವೇ 90 ಕೊಡುತ್ತದೆ. 2024ರ ಅಕ್ಟೋಬರ್‌ನಲ್ಲಿ 70 ವರ್ಷ ತುಂಬಿದವರನ್ನು ಆದಾಯ ನೋಡದೆ ಈ ಯೋಜನೆಗೆ ಸೇರಿಸಲಾಯಿತು. ನಮ್ಮಲ್ಲಿ ಇದು ರಾಜ್ಯದ ಯೋಜನೆಯೊಂದಿಗೆ ಬೆರೆತು ‘ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುವುದರಿಂದ ಈ ಯೋಜನೆಯ ಬಗ್ಗೆ ದಾರಿ ತೋರಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿಯೇ ಮುಂದುವರಿಯಿರಿ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14555.

ಇದು ಸಣ್ಣ ಸಂಗತಿಯಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಹೊಲ ಅಡವಿಟ್ಟವರನ್ನು ನಾನು ಕಂಡಿದ್ದೇನೆ. ಆದರೆ ಈ ಕಾರ್ಡು ಮಲಗುವವರಿಗೆ, ಅಂದರೆ ಆಸ್ಪತ್ರೆಗೆ ದಾಖಲಾಗುವವರಿಗೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧಿ ಮತ್ತು ಪರೀಕ್ಷೆಗಳೂ ಇದರಲ್ಲಿ ಸೇರುತ್ತವೆ. ಹದಿನಾರನೆಯ ದಿನದಿಂದ ಸಾಯುವವರೆಗೂ ನುಂಗಬೇಕಾದ ಗುಳಿಗೆ ಸೇರುವುದಿಲ್ಲ. ಅಜ್ಜಿಯ ಪ್ರಶ್ನೆ ಇದ್ದದ್ದು ಅಲ್ಲೇ. ಐದು ಲಕ್ಷದ ಕಾರ್ಡು ಸೆರಗಿನ ಗಂಟಿನಲ್ಲಿದ್ದರೂ ತಿಂಗಳಿಗೆ ಮುನ್ನೂರು ರೂಪಾಯಿ ಹೊಂದಿಸಲಾಗದೆ ಅವರು ಗುಳಿಗೆಯನ್ನು ಅರ್ಧ ಮುರಿದು ನುಂಗುತ್ತಿದ್ದರು.

ದೊಡ್ಡ ಕಾಯಿಲೆ ಮನೆಯನ್ನು ಒಂದೇ ಏಟಿಗೆ ಕೆಡವುತ್ತದೆ. ಬಿಪಿ, ಸಕ್ಕರೆ, ಥೈರಾಯ್ಡ್ ಗೆದ್ದಲಿನ ಹಾಗೆ. ಈ ಗೆದ್ದಲಿಗೆ ಮದ್ದು ಕಾರ್ಡಿಗಿಂತ ಹಳೆಯದಾದ, ಜಾಹೀರಾತು ಕಡಿಮೆ ಇರುವ ಬೇರೆ ಕಾರ್ಯಕ್ರಮಗಳಲ್ಲಿದೆ ಎಂಬುದು ನನ್ನ ನಂಬಿಕೆ.

ಮೊದಲನೆಯದು ಹಳ್ಳಿಯ ಆರೋಗ್ಯ ಉಪಕೇಂದ್ರ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಎಂಬುದು ಲೆಕ್ಕ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಆಶಾ ಕಾರ್ಯಕರ್ತೆಯರು ಬಂದರು. 2018ರಿಂದ ಉಪಕೇಂದ್ರಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸತೊಡಗಿದರು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಫಲಕಕ್ಕೆ ಎಷ್ಟು ಸಲ ಬಣ್ಣ ಬಳಿದರೂ ನನಗೆ ಚಿಂತೆಯಿಲ್ಲ, ಒಳಗೆ ಔಷಧಿ ಇರಬೇಕು ಅಷ್ಟೇ. ಮೂವತ್ತು ದಾಟಿದವರಿಗೆ ಅಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಗುಳಿಗೆಯೂ ಉಚಿತ.

ಎರಡನೆಯದು ಜನೌಷಧಿ ಕೇಂದ್ರ. 2008ರಲ್ಲಿ ಆರಂಭವಾಗಿ ವರ್ಷಗಟ್ಟಲೆ ಕುಂಟಿತು. 2023ರ ನವೆಂಬರ್‌ನಲ್ಲಿ ಜಾರ್ಖಂಡಿನ ದೇವಘರದಲ್ಲಿ ಹತ್ತು ಸಾವಿರನೆಯ ಕೇಂದ್ರ ತೆರೆಯಿತು. ಹೆಸರಾಂತ ಬ್ರ್ಯಾಂಡಿನ ಬೆಲೆಯ ಅರ್ಧಕ್ಕೋ ಅದಕ್ಕೂ ಕಡಿಮೆಗೋ ಅದೇ ಔಷಧಿ ಸಿಗುತ್ತದೆ. ‘ಇಷ್ಟು ಅಗ್ಗವಾದದ್ದು ಕೆಲಸ ಮಾಡುತ್ತದೆಯೇ?’ ಎಂದು ಕೇಳದವರೇ ಇಲ್ಲ. ಟೆಂಡರ್ ಕರೆದು ರಾಶಿಗಟ್ಟಲೆ ಕೊಳ್ಳುತ್ತಾರೆ. ಬ್ರ್ಯಾಂಡಿನ ಪ್ರಚಾರ, ವೈದ್ಯರ ಬಾಗಿಲು ಕಾಯುವ ಕಂಪನಿ ಪ್ರತಿನಿಧಿಗಳ ಸಂಬಳ, ಇವು ಆ ಬೆಲೆಯಲ್ಲಿ ಇಲ್ಲ. ಪ್ರಯೋಗಾಲಯದ ಪರೀಕ್ಷೆ ದಾಟಿದ ಮೇಲೆಯೇ ಬ್ಯಾಚು ಅಂಗಡಿಗೆ ಬರುತ್ತದೆ. ತೊಡಕು ಇರುವುದು ಚೀಟಿಯಲ್ಲಿ. ವೈದ್ಯರು ಬ್ರ್ಯಾಂಡಿನ ಹೆಸರು ಬರೆಯುತ್ತಾರೆ, ಜನೌಷಧಿ ಪೊಟ್ಟಣದ ಮೇಲೆ ಇರುವುದು ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಎಂಬ ಮೂಲ ಹೆಸರು. ಎರಡೂ ಒಂದೇ ಎಂದು ಹೇಳುವವರಿಲ್ಲದೆ ರೋಗಿ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಹಾಗಾಗಿ ‘ಔಷಧಿಯ ಮೂಲ ಹೆಸರನ್ನೂ ಬರೆದುಕೊಡಿ ಡಾಕ್ಟ್ರೇ’ ಎಂದು ಧೈರ್ಯವಾಗಿ ಕೇಳಿ. ಯಾರೂ ಬೈಯುವುದಿಲ್ಲ. ಬೈದರೂ ತಡೆದುಕೊಳ್ಳಿ, ಉಳಿಯುವುದು ನಿಮ್ಮದೇ ಹಣ.

ಬೆಲೆಗೆ ಕಡಿವಾಣ ಹಾಕುವುದೂ ಒಂದು ಕಾರ್ಯಕ್ರಮವೇ. ಹೃದಯದ ರಕ್ತನಾಳಕ್ಕೆ ಹಾಕುವ ಔಷಧಿ ಲೇಪಿತ ಸ್ಟೆಂಟಿನ ಬೆಲೆ ಲಕ್ಷ ದಾಟುತ್ತಿದ್ದ ಕಾಲವಿತ್ತು. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಲೇಪನವಿಲ್ಲದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೃತಕ ಮಂಡಿಗೂ ಮಿತಿ ಬಂತು. ಕಾರ್ಡು, ಅರ್ಜಿ, ಸರತಿ ಸಾಲು ಯಾವುದೂ ಬೇಕಾಗಲಿಲ್ಲ. ಬಡವ, ಶ್ರೀಮಂತ ಇಬ್ಬರಿಗೂ ಬೆಲೆ ಇಳಿಯಿತು.

ಬಾಣಂತನದ ಮಾತೂ ಹೇಳಬೇಕು. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ವಾಹನವೂ ಉಚಿತ. ಆ ವಾಹನವನ್ನು ಯೋಜನೆಯಲ್ಲಿ ಸೇರಿಸಿದವರು ಯಾರೋ ಹಳ್ಳಿಯನ್ನು ಬಲ್ಲವರು. ಏಕೆಂದರೆ ಡಯಾಲಿಸಿಸ್ ನೋಡಿ: 2016ರ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತವಾಗಿದೆ. ಆದರೆ ವಾರಕ್ಕೆ ಎರಡು ಮೂರು ಸಲ ಬರಬೇಕು. ಬಸ್ಸಿನ ಖರ್ಚು, ಜೊತೆಗೆ ಬರುವ ಮಗನ ಕೂಲಿ ನಷ್ಟ, ಮಧ್ಯಾಹ್ನದ ಊಟ. ಯಂತ್ರ ಉಚಿತ, ದಾರಿ ಉಚಿತವಲ್ಲ. ಆರು ತಿಂಗಳು ಬಂದು ಆಮೇಲೆ ಬಾರದೇ ಹೋದ ಒಬ್ಬರ ಚೀಟಿಯನ್ನು ನಾನು ಬಹಳ ದಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ.

ಒಟ್ಟು ಲೆಕ್ಕ ಸುಧಾರಿಸಿದೆ, ಅದನ್ನು ಮುಚ್ಚಿಡಬಾರದು. ದೇಶದ ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಕೊಡುವ ಪಾಲು 2013-14ರಲ್ಲಿ ನೂರಕ್ಕೆ 64 ಇತ್ತು; 2021-22ರ ಹೊತ್ತಿಗೆ 39ರ ಆಸುಪಾಸಿಗೆ ಇಳಿಯಿತು ಎನ್ನುತ್ತದೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಉಳಿದಿರುವ 39ರಲ್ಲಿ ಔಷಧಿ ಅಂಗಡಿಯ ಬಿಲ್ಲು ಎಷ್ಟಿರಬಹುದು ಎಂದು ಕಿಟಕಿಯ ಹಿಂದೆ ಕುಳಿತವರನ್ನು ಕೇಳಬೇಕಿಲ್ಲ.

ಅಜ್ಜಿಗೆ ಅಂದು ನಾನು ಹಣ ವಾಪಸು ಕೊಡಿಸಲಾಗಲಿಲ್ಲ. ಮುಂದಿನ ಇಂಡೆಂಟಿನಲ್ಲಿ, ಅಂದರೆ ಔಷಧಿ ಬೇಡಿಕೆಯ ಪಟ್ಟಿಯಲ್ಲಿ, ಸಕ್ಕರೆ ಗುಳಿಗೆಯನ್ನು ಹೆಚ್ಚು ಹಾಕಿ ತರಿಸಿದೆ, ತಿಂಗಳಿಗೆ ಬೇಕಾದಷ್ಟನ್ನು ಎಣಿಸಿ ಕೊಟ್ಟೆ. ಮೂರು ತಿಂಗಳು ಹೀಗೆ ನಡೆಯಿತು. ನಾಲ್ಕನೆಯ ತಿಂಗಳು ಅವರ ಕೈಚೀಲದಲ್ಲಿ ಅರ್ಧ ಮುರಿದ ಗುಳಿಗೆಗಳು ಕಂಡವು. ‘ಪೂರ್ತಿ ಕೊಟ್ಟಿದ್ದೇನಲ್ಲಾ ಅಜ್ಜಿ, ಇನ್ನೂ ಏಕೆ ಮುರಿಯುತ್ತೀರಿ?’ ಎಂದೆ. ಅವರು ಚೀಲದ ಬಾಯಿ ಕಟ್ಟುತ್ತಾ, ‘ಬರುವ ತಿಂಗಳು ನೀನು ಇಲ್ಲ ಅಂದರೆ?’ ಎಂದರು.

ನಮಸ್ಕಾರ.