ಬಾಗ್ದಾದ್ ಮೂರೇ ವಾರಕ್ಕೆ ಬಿತ್ತು, ಯುದ್ಧ ಯಾಕೆ ಮುಗೀಲಿಲ್ಲ?

ನಮಸ್ಕಾರ. ಹೋದ ವಿಡಿಯೋ ನೋಡಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ, ಸದ್ದಾಂ ಸರ್ಕಾರ ಮೂರು ವಾರಕ್ಕೇ ಉರುಳಿಹೋಯ್ತಲ್ಲ, ಆಮೇಲೆ ಎಂಟು ವರ್ಷ ಅಮೆರಿಕಾದವ್ರು ಇರಾಕಲ್ಲಿ ಯಾರ ಜೊತೆ ಗುದ್ದಾಡ್ತಿದ್ರು ಅಂತ. 2003 ಮಾರ್ಚ್ 20ಕ್ಕೆ ದಾಳಿ ಶುರು, ಏಪ್ರಿಲ್ 9ಕ್ಕೆ ಬಾಗ್ದಾದ್ ಖತಂ, ಇದೆಲ್ಲ ನಿಮಗೆ ಗೊತ್ತಿರೋದೇ, ಮುಂದಕ್ಕೆ ಹೋಗೋಣ.

ನಂಗೆ ಮುಖ್ಯ ಅನ್ಸೋದು ಮೇ 23. ಆಡಳಿತ ನೋಡ್ಕೊಳ್ಳೋಕೆ ವಾಷಿಂಗ್ಟನ್ನಿಂದ ಬಂದಿದ್ದ ಪಾಲ್ ಬ್ರೆಮರ್ ಅವತ್ತು ಇಡೀ ಇರಾಕಿ ಸೇನೆನೇ ವಿಸರ್ಜನೆ ಮಾಡ್ಬಿಟ್ರು. ಹತ್ತತ್ರ 4 ಲಕ್ಷ ಜನ! ಸೈನಿಕರು ಆಗ್ಲೇ ಮನೆಗೆ ಓಡಿಹೋಗಿದ್ರು, ವಿಸರ್ಜಿಸೋಕೆ ಸೇನೆ ಎಲ್ಲಿತ್ತು ಅನ್ನೋದು ಬ್ರೆಮರ್ ವಾದ. ನಾನು ಒಪ್ಪಲ್ಲ. ಮನೆಗೆ ಹೋದವನನ್ನ ಸಂಬಳ ಕೊಡ್ತೀವಿ ಬಾಪ್ಪಾ ಅಂತ ಕರೀಬಹುದಿತ್ತು. ಜೂನ್ 18ಕ್ಕೆ ಬಾಕಿ ಸಂಬಳ ಕೇಳ್ಕೊಂಡು ಬೀದಿಗಿಳಿದ ಮಾಜಿ ಸೈನಿಕರ ಮೇಲೆ ಅಮೆರಿಕಾ ಪಡೆ ಗುಂಡು ಹಾರಿಸ್ತು, ಇಬ್ರು ಸತ್ರು, ಅದಾದ್ಮೇಲೆನೇ ತಿಂಗಳ ಭತ್ಯೆ ಘೋಷಣೆ ಆಗಿದ್ದು.

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ, ಸದ್ದಾಂ ಸೇನೆಯ ಮದ್ದುಗುಂಡಿನ ಗೋದಾಮುಗಳು. ಬಾಗ್ದಾದ್‌ನ ದಕ್ಷಿಣಕ್ಕೆ ಅಲ್ ಕಾಕಾ ಅಂತ ಒಂದು ಜಾಗ, ಅಲ್ಲಿಂದ ಸುಮಾರು 340 ಟನ್ ಸ್ಫೋಟಕ ನಾಪತ್ತೆ ಆಗಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು 2004 ಅಕ್ಟೋಬರಲ್ಲಿ. 340 ಟನ್ ಅಂದ್ರೆ ಎಷ್ಟು? 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ವಿಮಾನ ಉರುಳಿಸಿ 270 ಜನರ ಪ್ರಾಣ ತೆಗೆದ ಬಾಂಬಲ್ಲಿ ಇದ್ದಿದ್ದು ಅರ್ಧ ಕೆಜಿ ಆಸುಪಾಸು, ಅಷ್ಟೇ! ಇದು ಒಂದು ಜಾಗದ ಲೆಕ್ಕ. ದೇಶದ ತುಂಬ ಇಂಥ ಡಿಪೋಗಳು, ಸರಿಯಾದ ಕಾವಲೇ ಇಲ್ಲ, ಜನ ಫಿರಂಗಿ ಶೆಲ್ಲುಗಳನ್ನ ಗಾಡಿಗೆ ತುಂಬ್ಕೊಂಡು ಹೋದ್ರು, ಅದೇ ಶೆಲ್ ರಸ್ತೆ ಬದೀಲಿ ಹೂತು ಮೊಬೈಲ್ ಫೋನಿಂದ ಸಿಡಿಸೋ ಬಾಂಬ್ ಆಯ್ತು. ಮದ್ದಿನ ಮನೆ ಬಾಗಿಲು ತೆರೆದಿಟ್ಟು, ಮದ್ದು ಬಲ್ಲ ಸೈನಿಕನ ಅನ್ನ ಕಿತ್ಕೊಂಡ್ರು.

ಟೈಮ್ ಕಮ್ಮಿ ಇದೆ, ಬೇಗ ಹೇಳ್ತೀನಿ. ಬಂದೂಕು ಹಿಡಿದೋರೆಲ್ಲ ಮಾಜಿ ಸೈನಿಕರಲ್ಲ, ಇರಾಕಿನ ಅಲ್ ಖೈದಾ ನಾಯಕನಾದ ಜರ್ಕಾವಿ ಕಡೆಯ ಜಿಹಾದಿಗಳು, ಧರ್ಮಗುರು ಮುಕ್ತದಾ ಅಲ್ ಸದರ್‌ನ ಶಿಯಾ ಪಡೆ ಎಲ್ಲ ಇದ್ರು. 2003 ಆಗಸ್ಟ್ 19ಕ್ಕೆ ಬಾಗ್ದಾದ್‌ನ ವಿಶ್ವಸಂಸ್ಥೆ ಕಚೇರಿಗೇ ಬಾಂಬ್, 2004ರಲ್ಲಿ ಫಲ್ಲೂಜಾ ನಗರದಲ್ಲಿ ಎರಡು ಸಲ ಕಾಳಗ, 2006 ಫೆಬ್ರವರೀಲಿ ಸಮರಾ ನಗರದ ಶಿಯಾ ಮಸೀದಿಯ ಚಿನ್ನದ ಗುಮ್ಮಟ ಉಡೀಸ್, ಆಮೇಲೆ ಶಿಯಾ-ಸುನ್ನಿ ರಕ್ತಪಾತ ತಡಿಯೋರೇ ಇಲ್ಲ.

2007ರ ಹೊತ್ತಿಗೆ ಅಮೆರಿಕಾದವ್ರೇ ತಮ್ಮ ವಿರುದ್ಧ ಹೋರಾಡ್ತಿದ್ದ ಸುನ್ನಿಗಳಿಗೆ ತಿಂಗಳಿಗೆ ಸುಮಾರು 300 ಡಾಲರ್ ಕೊಟ್ಟು ತಮ್ಮ ಕಡೆ ಸೇರಿಸ್ಕೊಂಡ್ರು, ಹಿಂಸೆ ಇಳೀತು. ನಾಲ್ಕು ವರ್ಷ ಮುಂಚೆ ಕೊಡದೇ ಇದ್ದ ಅದೇ ಸಂಬಳ. ಆಮೇಲೆ ಸರ್ಕಾರಿ ಕೆಲಸ ಕೊಡ್ತೀವಿ ಅಂದಿದ್ದು ಬಹಳ ಜನಕ್ಕೆ ಸಿಗ್ಲೇ ಇಲ್ಲ. 2014 ಜೂನಲ್ಲಿ ಇರಾಕಿನ ದೊಡ್ಡ ನಗರ ಮೋಸುಲ್ ಐಸಿಸ್ ಅನ್ನೋ ಸುನ್ನಿ ಜಿಹಾದಿ ಗುಂಪಿನ ಪಾಲಾಯ್ತು, ಆ ಐಸಿಸ್ ಕಟ್ಟಿದೋರಲ್ಲಿ ಒಬ್ಬ ಹಾಜಿ ಬಕ್ರ್, ಸದ್ದಾಂ ಸೇನೇಲಿ ಕರ್ನಲ್ ಆಗಿದ್ದವನು.