ಬೆನ್ ಶೆಲ್ಟನ್‌ನ ಕಾಲೇಜು ವರ್ಷಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಟೆನಿಸ್ ಆಡುವ ಮಕ್ಕಳಿರುವ ಮನೆಯವರು ದಯವಿಟ್ಟು ರೇಡಿಯೊದ ಸದ್ದನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ಇಂದಿನ ಮಾತು ಮುಖ್ಯವಾಗಿ ನಿಮಗೇ. ತರಬೇತಿಗೆ ಮಕ್ಕಳನ್ನು ಕರೆತರುವ ತಂದೆ ತಾಯಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಸರ್, ಹುಡುಗ ಚೆನ್ನಾಗಿ ಆಡುತ್ತಿದ್ದಾನೆ, ಶಾಲೆ ಬಿಡಿಸಿಬಿಡೋಣವೇ?’ ಬೇಡ. ಆತುರ ಬೇಡ. ಏಕೆ ಬೇಡ ಎಂಬುದಕ್ಕೆ ನನ್ನ ಉತ್ತರ ಒಬ್ಬ ಹುಡುಗ. ಅವನ ಹೆಸರು ಬೆನ್ ಶೆಲ್ಟನ್.

ಬೆನ್ ಅಮೆರಿಕದವನು, ಎಡಗೈ ಆಟಗಾರ. 2002ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ. ತಂದೆ ಬ್ರಯಾನ್ ಶೆಲ್ಟನ್ ವೃತ್ತಿಪರ ಟೆನಿಸ್ ಆಡಿದವರು. 1994ರ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು, ಎರಡನೇ ಶ್ರೇಯಾಂಕದ ಮೈಕಲ್ ಸ್ಟಿಚ್ ಅವರನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳುಹಿಸಿದವರು. ಇಂಥ ತಂದೆಯ ಮಗ ತೊಟ್ಟಿಲಿನಲ್ಲೇ ರಾಕೆಟ್ ಹಿಡಿದಿರಬೇಕು ಎಂದು ನೀವು ಭಾವಿಸಬಹುದು. ಇಲ್ಲ. ಹನ್ನೊಂದು ಹನ್ನೆರಡು ವರ್ಷದವರೆಗೆ ಬೆನ್‌ಗೆ ಇಷ್ಟವಾಗಿದ್ದದ್ದು ಅಮೆರಿಕನ್ ಫುಟ್‌ಬಾಲ್. ತಂದೆ ಒತ್ತಾಯಿಸಲಿಲ್ಲ. ಟೆನಿಸ್‌ಗೆ ಬಂದ ಮೇಲೆ, ಓರಗೆಯ ಹುಡುಗರು ಜೂನಿಯರ್ ಟೂರ್ನಿಗಳಿಗಾಗಿ ದೇಶ ದೇಶ ಸುತ್ತುತ್ತಿದ್ದಾಗ ಇವನಿಗೂ ಆಸೆಯಾಯಿತು. ಮೊದಲು ನಮ್ಮ ದೇಶದಲ್ಲಿ ಎಲ್ಲರನ್ನೂ ಗೆಲ್ಲು, ಆಮೇಲೆ ಹೊರಗೆ ಹೋಗುವ ಮಾತು ಎಂದರು ತಂದೆ. ಎಷ್ಟು ಸರಳವಾದ ಮಾತು ನೋಡಿ! ವಿಮಾನದ ಟಿಕೆಟ್‌ಗಾಗಿ ಸಾಲ ಮಾಡುವ ಪೋಷಕರು ಇದನ್ನು ಬರೆದಿಟ್ಟುಕೊಳ್ಳಬೇಕು.

ಶಾಲೆ ಮುಗಿದ ಮೇಲೆ ಬೆನ್ ಸೇರಿದ್ದು ಫ್ಲಾರಿಡಾ ವಿಶ್ವವಿದ್ಯಾಲಯವನ್ನು. ಅಲ್ಲಿನ ಪುರುಷರ ತಂಡಕ್ಕೆ ಆಗ ತಂದೆಯೇ ತರಬೇತುದಾರರು. ಅಮೆರಿಕದ ಕಾಲೇಜು ಟೆನಿಸ್ ಹೇಗಿರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಮೊದಲು ಮೂರು ಡಬಲ್ಸ್ ಪಂದ್ಯಗಳು. ಎರಡನ್ನು ಗೆದ್ದ ತಂಡಕ್ಕೆ ಒಂದು ಅಂಕ. ನಂತರ ಆರು ಕೋರ್ಟ್‌ಗಳಲ್ಲಿ ಒಟ್ಟಿಗೇ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದೊಂದು ಅಂಕ. ತಂಡದ ಅತ್ಯುತ್ತಮ ಆಟಗಾರ ಒಂದನೇ ಸಿಂಗಲ್ಸ್ ಆಡುತ್ತಾನೆ, ಉಳಿದವರು ಬಲದ ಕ್ರಮದಲ್ಲಿ ಎರಡರಿಂದ ಆರರವರೆಗೆ. ಮೊದಲು ನಾಲ್ಕು ಅಂಕ ಮುಟ್ಟಿದವರು ಗೆದ್ದರು. 40–40 ಆದರೆ, ಎರಡು ಪಾಯಿಂಟ್ ಮುನ್ನಡೆ ಸಿಗುವವರೆಗೆ ಡ್ಯೂಸ್ ಎಳೆಯುವುದಿಲ್ಲ, ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನವಾಗುತ್ತದೆ. ನೋಡುವವರು ಬಾಯಿ ಮುಚ್ಚಿ ಕೂರುವುದೂ ಇಲ್ಲ. ನಮ್ಮ ಊರುಗಳಲ್ಲಿ ಕಬಡ್ಡಿ ಅಂಕಣದ ಸುತ್ತ ನಿಂತು ಕೂಗುವಂತೆ ಕೂಗುತ್ತಾರೆ. ಪಕ್ಕದ ಕೋರ್ಟ್‌ನಲ್ಲಿ ಗೆಳೆಯ ಸೋಲುತ್ತಿರುವುದು ಕಣ್ಣಿಗೆ ಬೀಳುತ್ತಿರುತ್ತದೆ. ತನ್ನ ಪಂದ್ಯ ತನ್ನದೊಬ್ಬನದೇ ಅಲ್ಲ ಎಂಬ ಭಾರ ಹೆಗಲ ಮೇಲಿರುತ್ತದೆ.

ಈಗ 2021ರ ಮೇ ತಿಂಗಳಿಗೆ ಬನ್ನಿ. ಸ್ಥಳ ಒರ್ಲಾಂಡೊ. ರಾಷ್ಟ್ರೀಯ ತಂಡ ಚಾಂಪಿಯನ್‌ಷಿಪ್‌ನ ಫೈನಲ್, ಎದುರಾಳಿ ಬೇಲರ್ ವಿಶ್ವವಿದ್ಯಾಲಯ. ಫ್ಲಾರಿಡಾದ ಪುರುಷರ ಟೆನಿಸ್ ತಂಡ ಅದುವರೆಗೆ ಒಮ್ಮೆಯೂ ಈ ಪ್ರಶಸ್ತಿ ಗೆದ್ದಿರಲಿಲ್ಲ. ನಮ್ಮ ಬೆನ್ ಆಗ ಮೊದಲ ವರ್ಷದ ವಿದ್ಯಾರ್ಥಿ, ವಯಸ್ಸು ಹದಿನೆಂಟು. ಮುಂದೆ ಪ್ರಪಂಚವೇ ಹೆಸರು ಹೇಳಲಿದ್ದ ಈ ಹುಡುಗ ತನ್ನ ಕಾಲೇಜು ತಂಡದಲ್ಲಿ ಒಂದನೇ ಸ್ಥಾನದಲ್ಲಿ ಆಡುತ್ತಿರಲಿಲ್ಲ. ಎರಡನೆಯದರಲ್ಲೂ ಅಲ್ಲ. ಐದನೇ ಸಿಂಗಲ್ಸ್‌ನಲ್ಲಿ ಆಡುತ್ತಿದ್ದ! ಅವನಿಗಿಂತ ಮೇಲೆ ನಾಲ್ವರು ಇದ್ದರು. ನಮ್ಮಲ್ಲಾಗಿದ್ದರೆ, ಮಗನನ್ನು ಐದನೆಯವನನ್ನಾಗಿ ಮಾಡಿದಿರಿ ಎಂದು ಪೋಷಕರು ಅಂದೇ ಜಗಳಕ್ಕೆ ಬರುತ್ತಿದ್ದರು. ಅಲ್ಲಿ ಐದನೆಯ ಸ್ಥಾನ ಕೊಟ್ಟವರು ಸ್ವಂತ ತಂದೆ. ತಂಡಕ್ಕೆ ನಾಲ್ಕನೆಯ ಅಂಕ ಬೇಕಾಗಿದ್ದಾಗ ಅದನ್ನು ಗೆದ್ದುಕೊಟ್ಟವನು ಈ ಐದನೆಯವನೇ. 4–1ರಿಂದ ಫ್ಲಾರಿಡಾಕ್ಕೆ ಮೊದಲ ಪ್ರಶಸ್ತಿ ಬಂತು. ಬ್ರಯಾನ್ ಅವರು ಅದಕ್ಕೂ ಮುಂಚೆ, 2007ರಲ್ಲಿ, ಜಾರ್ಜಿಯಾ ಟೆಕ್‌ನ ಮಹಿಳಾ ತಂಡಕ್ಕೆ ಇದೇ ಪ್ರಶಸ್ತಿ ಗೆಲ್ಲಿಸಿದ್ದರು. ಪುರುಷರ ತಂಡ, ಮಹಿಳೆಯರ ತಂಡ ಎರಡನ್ನೂ ಗೆಲ್ಲಿಸಿದ ಮೊದಲ ತರಬೇತುದಾರ ಅವರು. ಆ ಸಾಧನೆಯ ಕೊನೆಯ ಪಾಯಿಂಟ್ ಮಗನ ರಾಕೆಟ್‌ನಿಂದ ಬಂತು. ಈ ಘಟನೆಯನ್ನು ಹೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಲ್ಲಿಗೇ ಕಾಲೇಜು ಬಿಡಬಹುದಿತ್ತು. ಬಿಡಲಿಲ್ಲ. ಆತುರಪಡಲಿಲ್ಲ. ಇನ್ನೊಂದು ವರ್ಷ ಅಲ್ಲೇ ಆಡಿ, 2022ರಲ್ಲಿ ಇಲಿನಾಯ್‌ನ ಶಾಂಪೇನ್ ಎಂಬ ಊರಿನಲ್ಲಿ ರಾಷ್ಟ್ರೀಯ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದ. ಐದನೆಯವನು ಒಂದೇ ವರ್ಷದಲ್ಲಿ ದೇಶಕ್ಕೇ ಮೊದಲನೆಯವನಾದ.

ಸಮಯ ಕಡಿಮೆ ಇದೆ, ಮುಂದಿನದನ್ನು ಬೇಗ ಹೇಳುತ್ತೇನೆ. ಅದೇ ವರ್ಷ ಆಗಸ್ಟ್‌ನಲ್ಲಿ ಸಿನ್ಸಿನಾಟಿ ಟೂರ್ನಿಗೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ಆಹ್ವಾನಿಸಿ ಕೊಡುವ ನೇರ ಪ್ರವೇಶ, ಸಿಕ್ಕಿತು. ಆ ಜೂನ್‌ನಲ್ಲಷ್ಟೇ ಫ್ರೆಂಚ್ ಓಪನ್ ಫೈನಲ್ ಆಡಿದ್ದ ಕ್ಯಾಸ್ಪರ್ ರೂಡ್ ಅವರನ್ನು ಅಲ್ಲಿ 6–3, 6–3ರಿಂದ ಸೋಲಿಸಿದ. ಆಮೇಲಷ್ಟೇ ವೃತ್ತಿಪರನಾಗುವುದಾಗಿ ಪ್ರಕಟಿಸಿದ. ಅದರ ಬೆನ್ನಿಗೇ ಯುಎಸ್ ಓಪನ್‌ನ ಮೊದಲ ಸುತ್ತಿನಲ್ಲಿ ಸೋತ. ಸೋಲಿಸಿದ ಪೋರ್ಚುಗಲ್‌ನ ನೂನೊ ಬೋರ್ಜೆಸ್ ಕೂಡ ಅಮೆರಿಕದ ಕಾಲೇಜಿನಲ್ಲೇ ಆಡಿ ಬೆಳೆದವರು. ನವೆಂಬರ್‌ನಲ್ಲಿ ವೃತ್ತಿಪರ ಟೆನಿಸ್‌ನ ಎರಡನೇ ಹಂತವಾದ ಚಾಲೆಂಜರ್ ಟೂರ್ನಿಗಳಲ್ಲಿ ಸಾಲಾಗಿ ಮೂರನ್ನು ಗೆದ್ದು ವಿಶ್ವದ ಮೊದಲ ನೂರರೊಳಗೆ ಬಂದ. ಮೂರನೆಯದನ್ನು ಗೆದ್ದದ್ದು ಅದೇ ಶಾಂಪೇನ್‌ನಲ್ಲಿ.

ಇಷ್ಟಾದರೂ ಹುಡುಗ ಇನ್ನೂ ದೇಶದ ಗಡಿ ದಾಟಿರಲಿಲ್ಲ ಎಂಬುದನ್ನು ಗಮನಿಸಿ. 2023ರ ಆಸ್ಟ್ರೇಲಿಯನ್ ಓಪನ್‌ಗಾಗಿ ಹೊರಟದ್ದೇ ಅವನ ಮೊದಲ ವಿದೇಶ ಪ್ರಯಾಣ. ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿದ. ಓದನ್ನೂ ಬಿಟ್ಟಿರಲಿಲ್ಲ, ಆನ್‌ಲೈನ್‌ನಲ್ಲಿ ಮುಂದುವರಿಸಿದ್ದ. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಸೆಮಿಫೈನಲ್. ಆ ಟೂರ್ನಿಯಲ್ಲಿ ಅವನ ಸರ್ವ್ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗ ಮುಟ್ಟಿತ್ತು. ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಎಟಿಪಿ, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ ಮೇಲಿನ ಹಂತದ, ಮೊದಲ ಪ್ರಶಸ್ತಿ. 2025ರಲ್ಲಿ ಮಾಂಟೆ ಕಾರ್ಲೊ ಡಬಲ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಜೊತೆಗಾರನಾಗಿ ಆಡಿದವನೂ ಇದೇ ಬೆನ್.

ಕೊನೆಯದಾಗಿ, ಅಮೆರಿಕದ ಕಾಲೇಜು ತಂಡಗಳ ಕನಸು ಕಾಣುತ್ತಿರುವ ಮನೆಗಳಿಗೆ ಒಂದು ಮಾತು. ಆ ತಂಡಗಳು ಆಟವನ್ನಷ್ಟೇ ನೋಡುವುದಿಲ್ಲ. ಪ್ರೌಢಶಾಲೆಯ ಅಂಕಪಟ್ಟಿಯನ್ನೂ ಕೇಳುತ್ತವೆ. ಎಂಟನೇ ತರಗತಿಯಲ್ಲಿ ಶಾಲೆ ಬಿಡಿಸಿದರೆ ಕೊಡಲು ಅಂಕಪಟ್ಟಿ ಎಲ್ಲಿರುತ್ತದೆ? ನಾಳೆ ಬೆಳಿಗ್ಗೆ ಅಭ್ಯಾಸ ಮುಗಿಸಿದ ಮಗುವನ್ನು ದಯವಿಟ್ಟು ಶಾಲೆಗೆ ಕಳುಹಿಸಿ. ನಮಸ್ಕಾರ.