ಲೋಡು ಎತ್ತುವ ಮೊದಲು ಸ್ಲಿಂಗಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮಳೆ ನಿಂತು ತೋಟದ ರಸ್ತೆ ಗಟ್ಟಿಯಾದರೆ ಸಕಲೇಶಪುರ, ಮೂಡಿಗೆರೆ ಕಡೆ ಸಿಲ್ವರ್ ಓಕ್ ದಿಮ್ಮಿಗಳು ಲಾರಿ ಏರುತ್ತವೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಯಂತ್ರ ಇಳಿಸಿ ಕೂರಿಸುವ ಕೆಲಸ, ಕ್ವಾರಿಗಳಲ್ಲಿ ಕಲ್ಲಿನ ಬ್ಲಾಕು. ಕ್ರೇನ್ ಡ್ರೈವರ್‌ಗೆ ಲೈಸೆನ್ಸ್ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸ್ಲಿಂಗು, ಅಂದರೆ ಲೋಡನ್ನು ಕ್ರೇನಿನ ಕೊಂಡಿಗೆ ತೂಗುಹಾಕುವ ಬೆಲ್ಟು ಅಥವಾ ವೈರ್ ರೋಪು, ಕಟ್ಟುವವರಿಗೆ ಯಾರು ಕಲಿಸಿದರು ಎಂದು ಕೇಳುವವರು ಕಡಿಮೆ. ಇವತ್ತಿನ ಮಾತು ಕಟ್ಟುವವರ ಜೊತೆ.

ಮೊದಲು ತೂಕ. ಕಣ್ಣಂದಾಜು ಬೇಡ, ಟೇಪು ಹಿಡಿಯಿರಿ. ಗ್ರಾನೈಟು ಘನ ಅಡಿಗೆ ಸುಮಾರು 76 ಕೆ.ಜಿ., ಕಾಂಕ್ರೀಟು 68, ಉಕ್ಕು 222. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ದಪ್ಪದ ಗ್ರಾನೈಟು 2,700 ಕೆ.ಜಿ. ದಾಟುತ್ತದೆ. ಹಸಿ ಸಿಲ್ವರ್ ಓಕ್‌ಗೆ ಒಣಮರದ ಲೆಕ್ಕ ಹಿಡಿಯಬೇಡಿ; ನೀರಿನಷ್ಟೇ ತೂಕ, ಘನ ಅಡಿಗೆ 28 ಕೆ.ಜಿ. ಎಂದುಕೊಳ್ಳಿ.

ಈಗ ಹೆಚ್ಚಿನವರು ಎಡವುವ ಜಾಗ. ಎರಡು ಟನ್ ಲೋಡು, ಸ್ಲಿಂಗಿಗೆ ಎರಡು ಕಾಲು, ಅಂದರೆ ಕೊಂಡಿಯಿಂದ ಲೋಡಿಗೆ ಇಳಿಯುವ ಎರಡು ಕವಲು. ತಲಾ ಒಂದು ಟನ್ ಅಲ್ಲವೇ? ಕಾಲುಗಳು ನೆಟ್ಟಗೆ ನಿಂತಿದ್ದರೆ ಮಾತ್ರ. ಲೋಡಿನ ಮೇಲ್ಮೈಯಿಂದ 60 ಡಿಗ್ರಿಗೆ ವಾಲಿದರೆ ಒಂದೊಂದು ಕಾಲಿಗೂ 1,155 ಕೆ.ಜಿ. ಬೀಳುತ್ತದೆ. 45 ಡಿಗ್ರಿಗೆ 1,414. 30 ಡಿಗ್ರಿಗೆ ಇಳಿದರೆ ಪೂರ್ತಿ ಎರಡು ಟನ್! ಲೋಡು ಅದೇ, ಆದರೆ ವಾಲಿದ ಕಾಲುಗಳು ಮೇಲಕ್ಕಷ್ಟೇ ಅಲ್ಲ, ಒಳಕ್ಕೂ ಎಳೆಯುತ್ತವೆ. ಆ ಎಳೆತ ಯಂತ್ರದ ಐ ಬೋಲ್ಟನ್ನು (ಸ್ಲಿಂಗು ಸಿಕ್ಕಿಸುವ, ಬಳೆಯಂಥ ತಲೆಯ ಬೋಲ್ಟು) ಅಡ್ಡಕ್ಕೆ ಬಗ್ಗಿಸಿ ಮುರಿಯಬಲ್ಲದು.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಕಟ್ಟಿದ ಎರಡು ಜಾಗಗಳ ನಡುವಿನ ಅಂತರ ಅಳೆಯಿರಿ. ಸ್ಲಿಂಗಿನ ಒಂದು ಕಾಲು ಕನಿಷ್ಠ ಅಷ್ಟೇ ಉದ್ದ ಇದ್ದರೆ 60 ಡಿಗ್ರಿ ಸಿಕ್ಕಿತು. ಸೂರು ತಗ್ಗಿರುವ ಹಳೆಯ ಶೆಡ್ಡುಗಳಲ್ಲಿ ಎತ್ತರ ಸಾಲದೆ ಗಿಡ್ಡ ಸ್ಲಿಂಗು ಹಾಕುವ ಚಾಳಿ ಇದೆ. ಅಲ್ಲಿ ಬೇಕಾದದ್ದು ಲಿಫ್ಟಿಂಗ್ ಬೀಮು, ಅಂದರೆ ನಡುವೆ ಕ್ರೇನಿನ ಕೊಂಡಿಗೆ ತೂಗುವ ಉಕ್ಕಿನ ತೊಲೆ. ಅದರ ಕೆಳಗಿನ ಸ್ಲಿಂಗುಗಳು ನೆಟ್ಟಗೆ ಇಳಿಯುತ್ತವೆ.

ದಿಮ್ಮಿಗೆ ಕುಣಿಕೆ ಹಾಕಿ ಎತ್ತಿದರೆ ಸ್ಲಿಂಗಿನ ತಾಕತ್ತು ಸುಮಾರು ಕಾಲುಭಾಗ ಕಳೆಯುತ್ತದೆ. ಒದ್ದೆ ತೊಗಟೆ ಜಾರುವುದರಿಂದ ಕುಣಿಕೆಗೆ ಎರಡು ಸುತ್ತು ಬೇಕು. ಬುಡದ ಕಡೆ ತೂಕ ಹೆಚ್ಚು, ಕಟ್ಟುವ ಜಾಗವನ್ನು ಬುಡದತ್ತ ಸರಿಸಿ. ಅರ್ಧ ಅಡಿ ಎತ್ತಿ ನಿಲ್ಲಿಸಿ. ವಾಲಿದರೆ ಇಳಿಸಿ, ಮತ್ತೆ ಕಟ್ಟಿ. ವಾಲಿದ ತುದಿಯ ಮೇಲೆ ಆಳು ಹತ್ತಿಸಿ ಸಮ ಮಾಡುವ ಜಾಣತನ ಯಾರಿಗೂ ಬೇಡ.

ಬೆಲ್ಟಿನ ಬಣ್ಣವೇ ತಾಕತ್ತು ಹೇಳುತ್ತದೆ: ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು, ಕೆಂಪು ಐದು. ಆದರೂ ಲೇಬಲ್ ಕಿತ್ತುಹೋದ ಬೆಲ್ಟು ಬಳಸಬೇಡಿ. ಹೊಲಿಗೆ ಬಿಟ್ಟದ್ದು, ಅಂಚು ಕೊಯ್ದದ್ದು, ಬಿಸಿಗೆ ಕರಗಿ ಗಟ್ಟಿಯಾದದ್ದು ಗುಜರಿಗೆ. ಗಂಟು ಹಾಕಿ ಗಿಡ್ಡ ಮಾಡಿದ ಬೆಲ್ಟು ಗಂಟಿನಲ್ಲೇ ತುಂಡಾಗುತ್ತದೆ. ಕಲ್ಲಿನ ಚೂಪು ಅಂಚಿಗೆ ದಪ್ಪ ರಬ್ಬರ್ ಪ್ಯಾಡು ಕೊಡಿ. ವೈರ್ ರೋಪಿನಲ್ಲಿ ಒಂದು ಎಳೆ ಹಗ್ಗವನ್ನು ಪೂರ್ತಿ ಸುತ್ತಿ ಬರುವಷ್ಟು ಉದ್ದದೊಳಗೆ ಒಟ್ಟು 10 ತಂತಿ, ಅಥವಾ ಒಂದೇ ಎಳೆಯಲ್ಲಿ 5 ತಂತಿ ಮುರಿದಿದ್ದರೆ ಅದರ ಆಯುಷ್ಯ ಮುಗಿಯಿತು. ಬರಿಗೈಯಲ್ಲಿ ಸವರಿ ನೋಡಬೇಡಿ, ಬಟ್ಟೆ ಹಿಡಿದು ಸವರಿ; ಮುರಿದ ತಂತಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಶ್ಯಾಕಲ್‌ನ (ಪಿನ್ನು ಹಾಕಿ ಮುಚ್ಚುವ U ಆಕಾರದ ಕೊಂಡಿ) ಪಿನ್ನು ಕಳೆದರೆ ಅಂಗಡಿಯ ಬೋಲ್ಟು ತುರುಕಬಾರದು, ಶ್ಯಾಕಲ್ಲೇ ಹೊಸದು ತನ್ನಿ.

ಹೈಡ್ರಾ ಕ್ರೇನು ಲೋಡು ಹೊತ್ತು ನಡೆಯುವಾಗ ಮುಂದೆ ಲೋಡು ಹಿಡಿದು ನಡೆಯುವವರು ಡ್ರೈವರ್‌ಗೆ ಕಾಣುವುದಿಲ್ಲ. ಎಡವಿದರೆ ಚಕ್ರ ನಿಲ್ಲುವಷ್ಟರಲ್ಲಿ ಕಾಲ ಮೀರಿರುತ್ತದೆ. ಲೋಡನ್ನು ನೆಲದಿಂದ ಒಂದಡಿಯಷ್ಟೇ ಎತ್ತಿ, ಉದ್ದ ಹಗ್ಗ ಕಟ್ಟಿ, ಡ್ರೈವರ್‌ಗೆ ಕಾಣುವಂತೆ ಪಕ್ಕದಲ್ಲಿ ನಡೆಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಸನ್ನೆ ಮಾಡುವವರು ಒಬ್ಬರೇ. ಆದರೆ ‘ನಿಲ್ಲಿಸು’ ಎಂದು ಯಾರು ಕೂಗಿದರೂ ಡ್ರೈವರ್ ನಿಲ್ಲಿಸಲೇಬೇಕು. ತೋಟದ ಮೇಲೆ ಕರೆಂಟಿನ ಲೈನು ಹಾದಿದ್ದರೆ ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಹೇಳಿ ಲೈನು ಆಫ್ ಮಾಡಿಸಿಯೇ ಬೂಮು, ಅಂದರೆ ಕ್ರೇನಿನ ತೋಳು, ಎತ್ತಿಸಿ.

ಇಳಿಸುವ ಜಾಗದಲ್ಲಿ ಮೊದಲೇ ನಾಲ್ಕಿಂಚಿನ ಮರದ ತುಂಡುಗಳನ್ನು ಜೋಡಿಸಿಡಿ. ಲೋಡು ಕೂತ ಮೇಲೆ ಸ್ಲಿಂಗು ಸಡಿಲಾಗಲಿ, ಕೈಯಿಂದಲೇ ಬಿಡಿಸಿ. ಕ್ರೇನಿನಿಂದ ಎಳೆದು ತೆಗೆಯಲು ಹೋದರೆ ಕೊಂಡಿ ಎಲ್ಲೋ ಸಿಕ್ಕಿ, ಕೂತ ಲೋಡೇ ಮಗುಚುತ್ತದೆ.

ನಮಸ್ಕಾರ.